ಸೊನ್ನೆಯ ಕೆಳಗೆ ಮಲಗಿದ ಮುಳ್ಳು

"ಅದನ್ನ ಮುಟ್ಟಬೇಡಿ ಅಂದೆನಲ್ಲಮ್ಮ!"

ತನಿಖಾಧಿಕಾರಿ ಹೇಳಿ ಮುಗಿಸುವ ಮೊದಲೇ ಕಿವಿಯಕ್ಕ ರಿಸೀವರಿನ ಗುಂಡಿ ಒತ್ತಿಯಾಗಿತ್ತು. ಮೀಟರಿನ ಹಳದಿ ದೀಪ ಹೊತ್ತಿಕೊಂಡಿತು. ಸ್ಪೀಕರಿನಿಂದ ಸಣ್ಣಗೆ ಸೊಯ್ ಎನ್ನುವ ಸದ್ದು ಬರತೊಡಗಿತು.

"ಮುಟ್ಟದೆ ಪರೀಕ್ಷೆ ಮಾಡೋದು ಹೇಗೆ ಸಾರ್? ದೂರದಲ್ಲಿ ನಿಂತು ಕೈ ಮುಗೀಲಾ?"

ಅಧಿಕಾರಿ ಉತ್ತರ ಕೊಡಲು ಬಾಯಿ ತೆರೆದರು. ಉತ್ತರದ ಬದಲು ಸೀನು ಬಂತು. ಅವರಿಗೆ ವಾರದಿಂದ ನೆಗಡಿ, ಮೂಗು ಕೆಂಪಗೆ ಊದಿಕೊಂಡಿತ್ತು.

ಬಂದರಿನ ಅಂಚಿನ ಹಳೆಯ ಗೋದಾಮಿನ ಮೇಲಿನ ಕೋಣೆ ಅದು. ಹವ್ಯಾಸಿ ರೇಡಿಯೋ ಸಂಘದವರು ಸರದಿ ಪ್ರಕಾರ ಕೂತು, ಕಡಲಿಗೆ ಹೋದ ಸಣ್ಣ ದೋಣಿಗಳ ಕರೆಗೆ ಕಿವಿಗೊಡುತ್ತಿದ್ದ ಜಾಗ. ಹದಿನೈದು ದಿನದ ಹಿಂದೆ ಇದೇ ಕುರ್ಚಿಯಲ್ಲಿ ಕಿವಿಯಕ್ಕನ ತಂಗಿ ಪುಟ್ಟಿ ಕೂತಿದ್ದಾಗ, ಅವರ ಸೋದರಮಾವ ಕಡಲಿನಿಂದ ಸಹಾಯಕ್ಕೆ ಕೂಗಿದ್ದರು. ದೂರದೂರಿನ ಹವ್ಯಾಸಿಗಳಿಗೆ ಕೇಳಿಸಿದ ಆ ಕೂಗು ಇಲ್ಲಿ ಪುಟ್ಟಿಗೆ ಕೇಳಿಸಲಿಲ್ಲ. ಮರುದಿನ ಖಾಲಿ ದೋಣಿ ಸಿಕ್ಕಿತು. ಮಾವ ಸಿಗಲಿಲ್ಲ.

ಅಲ್ಲಿಂದ ಶುರುವಾಯಿತು. ಪುಟ್ಟಿ ನಿದ್ದೆ ಹೊಡೆಯುತ್ತಿದ್ದಳಂತೆ. ಫೋನಿನಲ್ಲಿ ಹರಟುತ್ತಿದ್ದಳಂತೆ. ಮಾವನ ರೇಡಿಯೋ ಸೆಟ್ಟುಗಳ ಮೇಲೆ ಕಣ್ಣಿತ್ತಂತೆ. ಊರಿಗೆ ಊರೇ ಸೇರಿ ಅವಳ ತಲೆಯ ಮೇಲೆ ಗೂಬೆ ಕೂರಿಸಿತ್ತು. ಈಗ ಆ ಹುಡುಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ತನ್ನ ಕೈಯನ್ನು ತಾನೇ ಹಿಡಿದುಕೊಂಡು ಕೂತಿದ್ದಳು. ಇವತ್ತಿನ ಪರೀಕ್ಷೆಯಲ್ಲಿ ಸೆಟ್ಟು ಸರಿಯಿದೆ ಎಂದಾದರೆ ಅವಳ ಲೈಸೆನ್ಸು ರದ್ದಾಗುತ್ತದೆ. ಅದು ಹಾಳಾಗಿ ಹೋಗಲಿ, ಕರ್ತವ್ಯಲೋಪದಿಂದ ಸಾವು ಎಂಬ ಕೇಸು ಬೀಳುತ್ತದೆ.

"ಮಾಡ್ಲಿ ಬಿಡಿ ಸಾರ್, ಮಾಡ್ಲಿ," ಎಂದರು ಸಂಘದ ಅಧ್ಯಕ್ಷರು. ಪಕ್ಕದ ಐಸ್ ಫ್ಯಾಕ್ಟರಿಯ ಮಾಲೀಕರೂ ಅವರೇ. ಬೆಳ್ಳಗಿನ ಅಂಗಿ, ಬೆಳ್ಳಗಿನ ನಗೆ. "ಹೆಣ್ಣುಮಗಳ ಸಂಕಟ ನಮಗೂ ಅರ್ಥ ಆಗುತ್ತೆ. ಸಮಾಧಾನ ಆಗ್ಲಿ ಪಾಪ."

ಆ 'ಪಾಪ' ಎಂಬ ಮಾತಿಗೆ ಕಿವಿಯಕ್ಕನ ಮೈಯೆಲ್ಲ ಉರಿದುಹೋಯಿತು.

ಕಿವಿಯಕ್ಕ ಎಂಬ ಹೆಸರು ಅವಳ ಕಸುಬಿನಿಂದ ಬಂದದ್ದು. ಕಿವಿ ಮಂದವಾದವರಿಗೆ ಯಂತ್ರ ಕೂರಿಸಿ, ಯಾರಿಗೆ ಎಷ್ಟು ಗೇನ್, ಅಂದರೆ ಸದ್ದನ್ನು ಹಿಗ್ಗಿಸುವ ಶಕ್ತಿ, ಬೇಕು ಎಂದು ಅಳೆದು ಇಟ್ಟುಕೊಡುವುದು ಅವಳ ಕೆಲಸ. ಸದ್ದು ತಡೆಯಲಾರದೆ ಯಂತ್ರದ ಗೇನ್ ಇಳಿಸಿಕೊಂಡು, ಆಮೇಲೆ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ ಎಂದು ಗೋಳಾಡುವ ಮುದುಕರನ್ನು ಅವಳು ದಿನಾ ನೋಡುತ್ತಾಳೆ. ಈ ರಿಸೀವರಿಗೂ ಯಾರೋ ಅದನ್ನೇ ಮಾಡಿದ್ದಾರೆ ಎಂಬ ಅನುಮಾನ ಅವಳಿಗೆ ಮೊದಲ ದಿನದಿಂದಲೂ ಇತ್ತು. ಗೇನ್ ಇಳಿಸಿದರೆ ಹತ್ತಿರದ ಜೋರು ದನಿ ಕೇಳುತ್ತದೆ, ದೂರದ ಸಣ್ಣ ದನಿ ಸತ್ತೇ ಹೋಗುತ್ತದೆ.

"ಸಾರ್, ಆ್ಯಂಟೆನಾ ಬಿಚ್ಚಿ. ನಿಮ್ಮ ಚೀಟಿ ನೀವೇ ಹರೀರಿ," ಎಂದಳು.

ಆ್ಯಂಟೆನಾದ ತಂತಿ ಸೆಟ್ಟಿನ ಹಿಂಬದಿಗೆ ಸೇರುವಲ್ಲಿ, ಮಾವ ಕಾಣೆಯಾದ ಮೇಲೆ ಅಧಿಕಾರಿ ತಮ್ಮ ಇಲಾಖೆಯ ಚೀಟಿ ಅಂಟಿಸಿ, ಸಹಿ ಹಾಕಿ ಹೋಗಿದ್ದರು. ಚೀಟಿ ಮುರಿದಿರಲಿಲ್ಲ. ಆದರೆ ಸೆಟ್ಟಿನ ಮುಚ್ಚಳಕ್ಕೂ ಒಂದು ಚೀಟಿ ಅಂಟಿಸಬೇಕು ಎಂದು ಆ ಮಹಾನುಭಾವರಿಗೆ ಹೊಳೆದಿರಲಿಲ್ಲ. ಕೋಣೆಗೆ ಸಂಘದ ಹಳೇ ಬೀಗ ಹಾಕಿ ಕೈತೊಳೆದುಕೊಂಡಿದ್ದರು.

ಅಧಿಕಾರಿ ಚೀಟಿ ಹರಿದು ಆ್ಯಂಟೆನಾ ಕಿತ್ತರು. ಅದೇ ಜಾಗಕ್ಕೆ ಕಿವಿಯಕ್ಕ ತನ್ನ ಜೊತೆ ತಂದಿದ್ದ ಪರೀಕ್ಷೆಯ ಪೆಟ್ಟಿಗೆ ಸಿಕ್ಕಿಸಿದಳು. ಎಷ್ಟು ಬೇಕೋ ಅಷ್ಟೇ ಅಳತೆಯ ಸಿಗ್ನಲ್ ಕೊಡುವ ಪೆಟ್ಟಿಗೆ. ಗುಂಡಿ ತಿರುಗಿಸಿ ತೀರಾ ಕ್ಷೀಣ ಮಟ್ಟಕ್ಕೆ ಇಳಿಸಿದಳು. ಯಾರೋ ಗೇನ್ ಇಳಿಸಿದ್ದು ನಿಜವಾದರೆ ಈ ಮಟ್ಟದಲ್ಲಿ ಸ್ಪೀಕರ್ ಮೂಕವಾಗಿರಬೇಕು. ಮೂಕವಾಗಿದ್ದರೆ ಪುಟ್ಟಿ ಗೆದ್ದಳು.

ಸ್ಪೀಕರಿನಿಂದ ಕೀ ಎಂಬ ಸ್ವರ ಸ್ಪಷ್ಟವಾಗಿ ಬಂತು.

ಕಿವಿಯಕ್ಕ ಇನ್ನೂ ಇಳಿಸಿದಳು. ಆಗಲೂ ಕೇಳಿತು. ಮತ್ತೂ ಇಳಿಸಿದಳು. ಸೊಳ್ಳೆಯ ದನಿಯಷ್ಟಾದರೂ ಕೇಳುತ್ತಲೇ ಇತ್ತು.

"ಆಹಾ!" ಅಧ್ಯಕ್ಷರು ಎರಡೂ ಕೈ ಅಗಲಿಸಿದರು. "ಎಂಥ ಚುರುಕು ಕಿವಿ ನೋಡಿ ನಮ್ಮ ಸೆಟ್ಟಿಗೆ! ಪಿಸುಮಾತೂ ಕೇಳುತ್ತೆ. ಇದಕ್ಕೆ ಕೇಳಿದ್ದು ಅದರ ಮುಂದೆ ಕೂತೋರಿಗೆ ಕೇಳಿಲ್ಲ ಅಂದ್ರೆ, ನಾನೇನು ಹೇಳ್ಲಿ ಸಾರ್? ಬಾಯಿ ಬರಲ್ಲ ನನಗೆ."

"ಬಂದಿದೆಯಲ್ಲ," ಎಂದಳು ಕಿವಿಯಕ್ಕ.

ಆದರೆ ಸ್ಟೂಲಿನ ಕಡೆ ತಿರುಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

"ಅಕ್ಕಾ," ಪುಟ್ಟಿಯ ದನಿ ಹಿಂದಿನಿಂದ ಬಂತು. "ನಾನು ಮಲಗಿರ್ಲಿಲ್ಲ."

"ಗೊತ್ತು ಕಣೆ."

"ಸದ್ದೇ ಇರ್ಲಿಲ್ಲ ಅಕ್ಕಾ. ತಣ್ಣಗಿತ್ತು. ಎಷ್ಟು ಚೆನ್ನಾಗಿದೆ ಅಂತ ಅಂದ್ಕೊಂಡೆ."

ಆ ಮಾತು ಕಿವಿಯಕ್ಕನಿಗೆ ಚುಚ್ಚಿತು. ಅವಳು ಮತ್ತೆ ಸೆಟ್ಟಿನ ಮುಖ ನೋಡಿದಳು. ಪೆಟ್ಟಿಗೆಯ ಸಿಗ್ನಲ್ ಪೂರ್ತಿ ನಿಲ್ಲಿಸಿದಳು. ಆಗ ಕಣ್ಣಿಗೆ ಬಿತ್ತು, ಮೊದಲಿನಿಂದಲೂ ಎದುರಿಗೇ ಇದ್ದದ್ದು.

ಮೀಟರಿನ ಮುಳ್ಳು ಸೊನ್ನೆಯ ಮೇಲೆ ಇರಲಿಲ್ಲ. ಸೊನ್ನೆಗಿಂತ ಕೆಳಗೆ, ಮುಳ್ಳನ್ನು ತಡೆಯುವ ಎಡಗಡೆಯ ಮೊಳೆಗೆ ಒರಗಿ ಮಲಗಿತ್ತು.

"ಸಾರ್, ಇಲ್ಲಿ ಬನ್ನಿ. ಈ ಮುಳ್ಳು ಎಲ್ಲಿದೆ?"

"ಸೊನ್ನೆಯ ಹತ್ರ."

"ಹತ್ರ ಅಲ್ಲ. ಸೊನ್ನೆಗಿಂತ ಕೆಳಗೆ. ಆ್ಯಂಟೆನಾ ಇಲ್ಲ, ಸಿಗ್ನಲ್ ಇಲ್ಲ, ಏನೂ ಇಲ್ಲ. ಏನೂ ಇಲ್ಲದಿದ್ದಾಗ ಮುಳ್ಳು ಸೊನ್ನೆ ಮೇಲೆ ನಿಲ್ಬೇಕು ತಾನೆ? ಏನೂ ಇಲ್ಲದ್ದಕ್ಕಿಂತ ಕಡಿಮೆ ಅಂತ ಒಂದು ಲೋಕದಲ್ಲಿ ಇದೆಯಾ?"

"ಹಳೇ ಸೆಟ್ಟಮ್ಮ," ಅಧ್ಯಕ್ಷರು ಅಡ್ಡಬಾಯಿ ಹಾಕಿದರು. "ಮುಳ್ಳು ಸ್ವಲ್ಪ ಸೋತಿರುತ್ತೆ. ನಮಗೂ ವಯಸ್ಸಾದ್ಮೇಲೆ ಬೆನ್ನು ಬಗ್ಗಲ್ವಾ?"

"ನಿಮ್ಮ ಬೆನ್ನಿನ ವಿಷಯ ಆಮೇಲೆ ನೋಡೋಣ." ಕಿವಿಯಕ್ಕ ಅಧಿಕಾರಿಯ ಕಡೆಗೇ ಮಾತು ಮುಂದುವರಿಸಿದಳು. "ಒಳಗೆ ಎರಡು ತಿರುಪು ಇದಾವೆ ಸಾರ್. ಒಂದು ಗೇನ್ ತಿರುಪು, ಕಿವಿ ಎಷ್ಟು ಚುರುಕಾಗಿರಬೇಕು ಅಂತ ಇಡೋದು. ಇನ್ನೊಂದು ಮುಳ್ಳಿನ ತಿರುಪು, ಸೊನ್ನೆ ಎಲ್ಲಿ ಅಂತ ತೋರಿಸೋದು. ಮುಳ್ಳನ್ನ ಸೊನ್ನೆಗೆ ತರುವಾಗ ಆ್ಯಂಟೆನಾ ಕಿತ್ತು ಇಡಬೇಕು, ಒಳಗೆ ಏನೂ ಬರಬಾರದು. ಇದನ್ನ ಇಟ್ಟೋರು ಆ್ಯಂಟೆನಾ ಕಿತ್ತಿಲ್ಲ. ಯಾವುದೋ ದೊಡ್ಡ ಗದ್ದಲ ಒಳಗೆ ಬರ್ತಾ ಇದ್ದಾಗಲೇ ಮುಳ್ಳನ್ನ ಒತ್ತಿ ಹಿಡಿದು ಸೊನ್ನೆ ಮೇಲೆ ನಿಲ್ಲಿಸಿದಾರೆ. ಈಗ ಗದ್ದಲ ಹೋಗಿದೆ, ಮುಳ್ಳು ಸೊನ್ನೆಗೂ ಕೆಳಗೆ ಬಿದ್ದಿದೆ."

"ಯಾವ ಗದ್ದಲ?"

ಕಿವಿಯಕ್ಕ ತಲೆ ಎತ್ತಿದಳು. ಕಿಟಕಿ ತೆರೆದಿತ್ತು. ಹೊರಗೆ ಕಾಗೆಯ ಕೂಗು ಕೇಳುತ್ತಿತ್ತು, ಹಗ್ಗ ಎಳೆಯುವವರ ಮಾತು ಕೇಳುತ್ತಿತ್ತು. ಈ ಕೋಣೆಯ ನೆಲ ಸದಾ ಸಣ್ಣಗೆ ನಡುಗುತ್ತಿರುತ್ತದೆ, ಗೋಡೆಯಾಚೆಯ ಐಸ್ ಫ್ಯಾಕ್ಟರಿಯ ಮೋಟರಿನಿಂದಾಗಿ. ಇವತ್ತು ನಡುಗುತ್ತಿರಲಿಲ್ಲ.

"ಅಧ್ಯಕ್ಷರೇ, ಇವತ್ತು ಫ್ಯಾಕ್ಟರಿ ಯಾಕೆ ನಿಂತಿದೆ?"

ಬೆಳ್ಳಗಿನ ನಗೆ ಒಂದು ಕ್ಷಣ ಎಲ್ಲಿಗೋ ಹೋಗಿ ಬಂತು. "ಸರ್ವೀಸು. ಎಣ್ಣೆ ಬದಲಾಯಿಸೋದು."

"ಮೀನು ತುಂಬಿದ ದೋಣಿಗಳು ಐಸಿಗೆ ಕಾಯ್ತಿರೋ ಹೊತ್ತಲ್ಲಿ? ಪರೀಕ್ಷೆ ಇರೋ ದಿನವೇ? ಹಾಕಿಸಿ ಮೋಟರ್ನ."

"ಏಯ್, ನೀನು ಹೇಳಿದ ಹಾಗೆಲ್ಲ—"

"ಹಾಕಿಸಿ," ಎಂದರು ಅಧಿಕಾರಿ. ನೆಗಡಿಯ ಮೂಗಿನಲ್ಲೇ ಹೇಳಿದರೂ ಅದು ಅಪ್ಪಣೆಯಾಗಿತ್ತು. ತಮ್ಮ ಕೈಯಾರೆ ಆ್ಯಂಟೆನಾ ಮತ್ತೆ ಸಿಕ್ಕಿಸಿದರು.

ಅಧ್ಯಕ್ಷರು ಫೋನಿನಲ್ಲಿ ಎರಡು ಮಾತು ಗೊಣಗಿ, ಅದನ್ನು ಮೇಜಿನ ಮೇಲೆ ಕುಕ್ಕಿದರು. ಗೋಡೆಯಾಚೆ ಮೋಟರ್ ಕೆಮ್ಮಿ, ನರಳಿ, ಓಡತೊಡಗಿತು.

ಸ್ಪೀಕರ್ ಭೋರ್ಗರೆಯಿತು. ಗಾರೆ ನೆಲದ ಮೇಲೆ ಕಬ್ಬಿಣದ ಮಂಚ ಎಳೆದ ಹಾಗೆ ಕರ್ಕಶ ಸದ್ದು, ನಿಲ್ಲದ ಸದ್ದು. ಮಲಗಿದ್ದ ಮುಳ್ಳು ಎದ್ದು ಸೊನ್ನೆ ದಾಟಿ ಮೇಲಕ್ಕೆ ಹೋಗಿ ಅಲ್ಲೇ ನಡುಗುತ್ತ ನಿಂತಿತು. ಪುಟ್ಟಿ ಕಿವಿ ಮುಚ್ಚಿಕೊಂಡಳು.

ಕಿವಿಯಕ್ಕ ಸ್ಪೀಕರಿನ ಧ್ವನಿ ತಗ್ಗಿಸಿದಳು. ಮಾತು ತಗ್ಗಿಸಲಿಲ್ಲ.

"ಇದೇ ಆ ಗದ್ದಲ ಸಾರ್! ಇವರು ಹೊಸ ಮೋಟರ್ ಹಾಕಿಸಿದಾಗಿಂದ ದೋಣಿಯೋರು ಬಾಯಿ ಬಡ್ಕೊಂಡ್ರು, ರೇಡಿಯೋದಲ್ಲಿ ಏನೂ ಕೇಳಲ್ಲ ಅಂತ. ಹೋದ ತಿಂಗಳು ನಿಮ್ಮ ಇಲಾಖೆ ಪರೀಕ್ಷೆಗೆ ಬಂತು. ಗದ್ದಲ ಇದೆ ಅಂದಿದ್ರೆ ಮೋಟರ್ ಸರಿಯಾಗೋ ತನಕ ಫ್ಯಾಕ್ಟರಿ ಮುಚ್ಚಬೇಕಿತ್ತು. ಆಮೇಲೆ ಏನಾಯ್ತು?"

ಅಧಿಕಾರಿಯ ಮುಖ ಮೂಗಿನಷ್ಟೇ ಕೆಂಪಾಯಿತು. "ಗದ್ದಲ ಇರ್ಲಿಲ್ಲ. ಮೋಟರ್ ಓಡ್ತಾ ಇತ್ತು, ಸ್ಪೀಕರ್ ಸುಮ್ಮನಿತ್ತು. ಮುಳ್ಳು ಸೊನ್ನೆ ಮೇಲಿತ್ತು. ನಾನೇ ನೋಡಿ, ನಾನೇ ಸರಿ ಇದೆ ಅಂತ ಬರೆದೆ."

"ಮುಳ್ಳು ಸೊನ್ನೆ ಮೇಲೆ ಇರೋ ಹಾಗೆ ನಿಲ್ಲಿಸಿದ್ರು! ಗೇನ್ ಇಳಿಸಿ ಸೆಟ್ಟಿನ ಕಿವಿ ಮುಚ್ಚಿದ್ರು, ಮುಳ್ಳು ತಿರುಗಿಸಿ ನಿಮ್ಮ ಕಣ್ಣಿಗೆ ಮಣ್ಣೆರಚಿದ್ರು. ಗದ್ದಲ ಹೋಯ್ತು ಅಂತ ಸಂಘದೋರೆಲ್ಲ ಇವರಿಗೆ ಕೈ ಕುಲುಕಿದ್ರು. ಈ ಹುಡುಗಿ ಕಿವುಡು ಸೆಟ್ಟಿನ ಮುಂದೆ ಕೂತು, ಎಷ್ಟು ತಣ್ಣಗಿದೆ ಅಂತ ಖುಷಿ ಪಟ್ಟಳು. ಒಂದು ಜೀವ ಅಲ್ಲಿ ಕೂಗ್ತಾ ಇದ್ರೆ ಇಲ್ಲಿ ಕೇಳದ ಹಾಗೆ ಮಾಡಿ, ಆಮೇಲೆ ಇವಳನ್ನೇ ಕೊಲೆಗಾತಿ ಅಂದ್ರಲ್ಲ ಅಧ್ಯಕ್ಷರೇ, ನಾಚಿಕೆ ಅನ್ನೋದು ನಿಮ್ಮ ಮನೆ ಕಡೆ ಸುಳಿದೇ ಇಲ್ವಾ?"

ಅಧ್ಯಕ್ಷರು ಅಂಗಿಯ ತೋಳು ಸರಿಮಾಡಿಕೊಂಡರು.

"ಭಾಷಣ ಚೆನ್ನಾಗಿದೆ. ಆದ್ರೆ ಗೇನ್ ಇಳಿದಿಲ್ವಲ್ಲ ತಾಯಿ? ಈಗ ತಾನೇ ನಿನ್ನ ಪೆಟ್ಟಿಗೆಯಲ್ಲೇ ತೋರಿಸಿದೆ. ಪಿಸುಮಾತು ಕೇಳುತ್ತೆ ಅಂತ ನೀನೇ ಸಾಬೀತು ಮಾಡಿದೆ. ಇನ್ನು ನಾನು! ನನಗೆ ಸ್ಕ್ರೂಡ್ರೈವರ್ ಯಾವ ಕಡೆಯಿಂದ ಹಿಡೀಬೇಕು ಅನ್ನೋದೂ ಗೊತ್ತಿಲ್ಲ. ಊರಿಗೆಲ್ಲ ಗೊತ್ತು ಅದು."

ಅದು ನಿಜ. ಈ ಮನುಷ್ಯ ಒಮ್ಮೆ ಬಲ್ಬು ಬದಲಾಯಿಸಲು ಹೋಗಿ ಇಡೀ ಗೋದಾಮನ್ನು ಕತ್ತಲಲ್ಲಿ ಮುಳುಗಿಸಿದ್ದ.

"ಹಾಗಾದ್ರೆ ಯಾರ ಕೈಯಲ್ಲಿ ಮಾಡಿಸಿದ್ರಿ?"

"ಮುಚ್ಚಳ ತೆಗಿ," ಎಂದರು ಅಧ್ಯಕ್ಷರು ಮೆಲ್ಲಗೆ. "ತೆಗೆದು ನೀನೇ ನೋಡ್ಕೋ. ಆಮೇಲೆ ನನ್ನ ಮೇಲೆ ಕೂಗಾಡು."

ಆ ಮೆತ್ತನೆಯ ದನಿ ಕಿವಿಯಕ್ಕನಿಗೆ ಹಿಡಿಸಲಿಲ್ಲ. ನಾಲ್ಕು ಮೂಲೆಯ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಳು. ಟಾರ್ಚ್ ಬಿಟ್ಟಳು.

ಎರಡು ತಿರುಪು ಪಕ್ಕಪಕ್ಕದಲ್ಲಿದ್ದವು. ಎರಡರ ತಲೆಯ ಮೇಲೂ ಒಂದೊಂದು ಹನಿ ಬಣ್ಣ. ಕೆಂಪು, ಅದರಲ್ಲಿ ಬೆಳ್ಳಿಯ ಮಿನುಗು.

ಅವಳ ಕೈಯಲ್ಲಿದ್ದ ಟಾರ್ಚು ಕೆಳಗಿಳಿಯಿತು.

ತಿರುಪು ಅಳ್ಳಾಡಬಾರದೆಂದು ಕೆಲಸ ಮುಗಿದ ಮೇಲೆ ಅದರ ತಲೆಗೆ ಒಂದು ಹನಿ ನೇಲ್ ಪಾಲಿಶ್ ಬಿಡುವುದು ಈ ಕಸುಬಿನವರೆಲ್ಲ ಮಾಡುವುದೇ. ಆದರೆ ಕೆಂಪು ಪಾಲಿಶಿಗೆ ಅಲ್ಯೂಮಿನಿಯಂ ಪುಡಿ ಕಲಸಿ ತನ್ನದೇ ಮೊಹರು ಮಾಡಿಕೊಂಡವರು ಒಬ್ಬರೇ. ತಿರುಪು ಮುಟ್ಟಿದ ಮೇಲೆ ಮೊಹರು ಹಾಕದೆ ಏಳಬಾರದು ಎಂದು ಅಕ್ಕತಂಗಿಯರ ತಲೆಗೆ ಮೊಟಕಿ ಮೊಟಕಿ ಕಲಿಸಿದವರು. ಪಾಲಿಶ್ ಬಾಟಲಿಯನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡುತ್ತಾರೆಂದು ಅತ್ತೆಯಿಂದ ಜೀವಮಾನವಿಡೀ ಗೇಲಿ ಮಾಡಿಸಿಕೊಂಡವರು.

"ಮಾವ," ಎಂದಳು ಪುಟ್ಟಿ. ಯಾವಾಗಲೋ ಎದ್ದು ಬಂದು ಅಕ್ಕನ ಭುಜದ ಹಿಂದೆ ನಿಂತಿದ್ದಳು.

"ನಿಮ್ಮ ಮಾವನೇ," ಎಂದರು ಅಧ್ಯಕ್ಷರು. "ಫ್ಯಾಕ್ಟರಿ ಮುಚ್ಚಿದ್ರೆ ಎಷ್ಟೋ ಮನೆಗಳ ಒಲೆ ಆರುತ್ತೆ, ಸ್ವಲ್ಪ ದಿನ ಸಂಭಾಳಿಸಿಕೊಡಿ ಅಂದೆ. ಒಪ್ಪಿದ್ರು. ನಾನೇನು ಅವರ ಕತ್ತಿಗೆ ಕತ್ತಿ ಇಟ್ಟಿರ್ಲಿಲ್ಲ."

ಕಿವಿಯಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈ ನಗುವವನ ಮೇಲೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು. ಕಿವಿ ಮುಚ್ಚಿದ್ದು ಮಾವ. ಅದೇ ಕಿವಿಗೆ ಆಮೇಲೆ ಕೂಗಿಕೊಂಡದ್ದೂ ಮಾವ. ಆ್ಯಂಟೆನಾ ಕೀಳದೆ ಮುಳ್ಳು ಮುಟ್ಟಬೇಡ ಎಂದು ತನಗೆ ಬೈದ ಅದೇ ಕೈ ಈ ಅಡ್ಡಕಸುಬು ಮಾಡಿತ್ತು.

ಅವಳು ಬೆರಳು ಚಾಚಿ ಮುಳ್ಳಿನ ತಿರುಪಿನ ಮೊಹರು ಮುಟ್ಟಿದಳು. ಕಲ್ಲಿನ ಹಾಗೆ ಗಟ್ಟಿ. ಉಗುರಿಗೆ ಸ್ವಲ್ಪವೂ ಜಗ್ಗಲಿಲ್ಲ.

ಗೇನ್ ತಿರುಪಿನ ಮೊಹರು ಮುಟ್ಟಿದಳು.

ಉಗುರು ಒಳಗೆ ಇಳಿಯಿತು.

ಬೆರಳು ಹಿಂದಕ್ಕೆಳೆದು ನೋಡಿಕೊಂಡಳು. ತುದಿಯಲ್ಲಿ ಕೆಂಪು ಅಂಟು, ಬೆಳ್ಳಿಯ ಮಿನುಗು. ಮೂಗಿನ ಹತ್ತಿರ ತಂದಳು. ಹಸಿ ಪಾಲಿಶಿನ ಘಾಟು ನೆತ್ತಿಗೇರಿತು.

"ಸಾರ್, ವಾಸನೆ ನೋಡಿ."

"ನನಗೆ ವಾರದಿಂದ ಯಾವ ವಾಸನೆಯೂ ಬರ್ತಿಲ್ಲಮ್ಮ."

"ಹಾಗಾದ್ರೆ ಮುಟ್ಟಿ ನೋಡಿ. ಇದು ಒಣಗಿಲ್ಲ. ದಪ್ಪ ಹನಿ, ಒಳಗಿನ್ನೂ ಹಸಿ ಇದೆ. ಬಹಳ ಅಂದ್ರೆ ನಿನ್ನೆಯದು."

ಅಧಿಕಾರಿ ಮುಟ್ಟಿ ನೋಡಿದರು. ತಮ್ಮ ಬೆರಳನ್ನೇ ದಿಟ್ಟಿಸಿದರು. "ಅಂದ್ರೆ ನಿನ್ನೆ ಯಾರೋ ಬಂದು ಗೇನ್ ಏರಿಸಿದಾರೆ. ಸೆಟ್ಟು ಸರಿ ಇದೆ ಅಂತ ಇವತ್ತು ನಾವು ಬರೀಲಿ ಅಂತ."

"ಮುಳ್ಳನ್ನೂ ಸರಿಮಾಡ್ತಿದ್ರು. ಅದಕ್ಕೆ ಆ್ಯಂಟೆನಾ ಕೀಳಬೇಕು. ಕಿತ್ತರೆ ನಿಮ್ಮ ಚೀಟಿ ಹರಿಯುತ್ತೆ."

"ಕೋಣೆ ಕೀಲಿ ಇರೋದು ಈ ಹುಡುಗಿ ಹತ್ರ," ಅಧ್ಯಕ್ಷರು ಥಟ್ಟನೆ ಹೇಳಿದರು. "ಬರ್ಕೊಳ್ಳಿ ಸಾರ್."

"ಬರ್ಕೊಳ್ಳಿ!" ಕಿವಿಯಕ್ಕ ಗುಡುಗಿದಳು. "ತನ್ನ ಮೇಲೆ ತಾನೇ ತಪ್ಪು ಹೊರಿಸಿಕೊಳ್ಳೋಕೆ ಬಂದು ಗೇನ್ ಏರಿಸಿ ಹೋದಳು ಅಂತಲೂ ಬರ್ಕೊಳ್ಳಿ! ಇನ್ನೊಂದು ಕೀಲಿ ಯಾರ ಹತ್ರ ಇತ್ತು, ಅದನ್ನೂ ಹೇಳಿ ಇವರಿಗೆ."

ಹೇಳಿದ್ದು ಪುಟ್ಟಿ.

"ಮಾವನ ಹತ್ರ. ಅವರ ಸಾಮಾನಿನ ಚೀಲದಲ್ಲಿ. ಪಾಲಿಶ್ ಬಾಟಲಿನೂ ಅದರಲ್ಲೇ ಇರೋದು. ಅವತ್ತು ದೋಣಿ ಹತ್ತುವಾಗ ಆ ಚೀಲ ನಾನೇ ಎತ್ತಿಕೊಟ್ಟೆ." ಅವಳ ಮುಖ ಅರಳುತ್ತಿತ್ತು. "ಅಕ್ಕಾ! ಮಾವ ಬದುಕಿದಾರೆ ಅಕ್ಕಾ!"

ಕಿವಿಯಕ್ಕನಿಗೆ ಆ ಮುಖ ನೋಡಲಾಗಲಿಲ್ಲ. ಈ ಪೆದ್ದು ಹುಡುಗಿಗೆ ಖುಷಿಯಾಗಿತ್ತು. ಬದುಕಿದ್ದರೆ ಬಂದು ನಾನಿದ್ದೇನೆ ಎನ್ನಬೇಕಿತ್ತಲ್ಲ? ತಾನು ಸತ್ತೆನೆಂದು ಸೋದರಸೊಸೆಯ ಮುಖಕ್ಕೆ ಊರು ಉಗಿಯುವುದನ್ನು ನೋಡಿಕೊಂಡು, ಕಳ್ಳನ ಹಾಗೆ ಮೆಟ್ಟಿಲು ಹತ್ತಿ ಬಂದು, ಅವಳನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷಿಯನ್ನು ತಿರುಪಿ ಅಳಿಸಿ, ಅಭ್ಯಾಸಬಲದಿಂದ ಮೊಹರು ಬೇರೆ ಹಾಕಿ ಹೋಗುವುದೆ? ಎತ್ತಿ ಆಡಿಸಿದ ಕೈಯಲ್ಲವೆ ಅದು!

ಅಷ್ಟರಲ್ಲಿ ಗೋಡೆಯಾಚೆಯ ಮೋಟರ್ ನಿಂತಿತು.

ಸ್ಪೀಕರಿನ ಗದ್ದಲ ಕತ್ತರಿಸಿದ ಹಾಗೆ ಅಡಗಿತು. ಮುಳ್ಳು ಎಡಗಡೆಯ ಮೊಳೆಗೆ ಹೋಗಿ ಒರಗಿತು.

"ನಿಲ್ಲಿಸು ಅಂತ ನಾನು ಹೇಳಿಲ್ಲ," ಎಂದರು ಅಧ್ಯಕ್ಷರು. ಅವರ ಫೋನು ಮೇಜಿನ ಮೇಲೇ ಇತ್ತು. ಯಾರೂ ಕೇಳದಿದ್ದರೂ ಮತ್ತೆ ಹೇಳಿದರು, "ನಾನು ಹೇಳಿಲ್ಲ."

ಮುಳ್ಳು ಚಿಮ್ಮಿತು. ಸೊನ್ನೆ ದಾಟಿ, ಅಂಕಿಗಳನ್ನೆಲ್ಲ ದಾಟಿ, ಬಲಗಡೆಯ ಕೊನೆಗೆ ಟಕ್ಕೆಂದು ಬಡಿದು ಅಲ್ಲೇ ಅಂಟಿಕೊಂಡಿತು. ಯಾರೋ ಇನ್ನೊಂದು ಸೆಟ್ಟಿನಲ್ಲಿ ಮಾತಾಡಲು ಗುಂಡಿ ಒತ್ತಿ ಹಿಡಿದಿದ್ದರು. ದೂರದ ಕಡಲಿನಿಂದ ಬಂದ ಸಿಗ್ನಲಿಗೆ ಮುಳ್ಳು ಹೀಗೆ ಹಾರುವುದಿಲ್ಲ. ಇದು ಪಕ್ಕದಿಂದ ಬಂದದ್ದು. ಗೋಡೆಯಾಚೆಯಿಂದ.

ಸ್ಪೀಕರಿನಲ್ಲಿ ಉಸಿರಿನ ಸದ್ದು. ಆಮೇಲೆ, ಎಳವೆಯಿಂದ ಕೇಳಿದ್ದ ಗೊಗ್ಗರು ದನಿ.

"ಪುಟ್ಟೀ. ನೀನು ಮಲಗಿರ್ಲಿಲ್ಲ ಕಣಮ್ಮ, ನನಗೆ ಗೊತ್ತು. ಕೇಳಿಸ್ಕೋ. ಅವತ್ತು ನಾನು ಕೂಗಿದ್ದು ದೋಣಿಯಿಂದ ಅಲ್ಲ. ನನ್ನ ಕೈಯಲ್ಲಿ ಇವರು ಕೂಗಿಸಿ—"

ಮುಳ್ಳು ದೊಪ್ಪನೆ ಕೆಳಗೆ ಬಿತ್ತು. ಅದು ಮೊಳೆಗೆ ತಾಗುವ ಮೊದಲೇ ಐಸ್ ಫ್ಯಾಕ್ಟರಿಯ ಮೋಟರ್ ಮತ್ತೆ ಓಡತೊಡಗಿ, ಕೋಣೆ ತುಂಬ ಬರೀ ಗದ್ದಲವಾಯಿತು.

ಕಿವಿಯಕ್ಕ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಾಗಿಲಿಗೆ ನುಗ್ಗಿದಳು. ಅಧ್ಯಕ್ಷರು ಎರಡೂ ಕೈ ಚಾಚಿ ಅಡ್ಡ ನಿಂತರು. ಬೆಳ್ಳಗಿನ ನಗೆ ಹೋಗಿತ್ತು. ಅಂಗಿಯ ಕಂಕುಳು ಒದ್ದೆಯಾಗಿತ್ತು.

"ದಾರಿ ಬಿಡಿ!"

"ಬೇಡಮ್ಮ," ಎಂದರು ಅವರು. ಅದು ಬೆದರಿಕೆಯ ದನಿಯಾಗಿರಲಿಲ್ಲ. ಭಯದ ದನಿ. "ನಿನ್ನ ಕಾಲಿಗೆ ಬೀಳ್ತೀನಿ, ಹೋಗಬೇಡ. ಅಲ್ಲಿ ನಿಮ್ಮ ಮಾವ ಒಬ್ಬರೇ ಇಲ್ಲ."